ಗ್ಯಾಸ್ ಗೀಸರ್ ಉರಿಯುವಾಗ ಆಕ್ಸಿಜನ್ ಲೆಕ್ಕ

ರಾಸಾಯನಿಕ ಸಮೀಕರಣ ಸರಿದೂಗಿಸುವುದು, ಅಂದರೆ ಎರಡೂ ಕಡೆಯ ಪರಮಾಣುಗಳ ಲೆಕ್ಕ ಸಮ ಮಾಡುವುದು, ಸುಮ್ನೆ ಅಂಕಿ ಹೊಂದಿಸುವ ಕೆಲಸ ಎಂದು ನನ್ನ ಪಿಯುಸಿ ಮಕ್ಕಳಲ್ಲಿ ಬಹಳ ಮಂದಿ ಅಂದುಕೊಂಡಿರುತ್ತಾರೆ. ಅದಕ್ಕೇ ನಾನು ಗ್ಯಾಸ್ ಸಿಲಿಂಡರಿನಿಂದಲೇ ಪಾಠ ಶುರು ಮಾಡುತ್ತೇನೆ.

ಎಲ್‌ಪಿಜಿಯಲ್ಲಿ ಮುಖ್ಯವಾಗಿ ಇರುವುದು ಬ್ಯುಟೇನ್ ಮತ್ತು ಪ್ರೊಪೇನ್. ಬ್ಯುಟೇನನ್ನೇ ನೋಡೋಣ. ಅದರ ಒಂದು ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್ ಪರಮಾಣು ಇವೆ. ಚೆನ್ನಾಗಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಬರುತ್ತವೆ. ಪರಮಾಣುಗಳು ಜೊತೆಗಾರರನ್ನು ಬದಲಿಸುತ್ತವೆ, ಅಷ್ಟೇ. ಒಂದೂ ಹೊಸದಾಗಿ ಹುಟ್ಟುವುದಿಲ್ಲ, ಒಂದೂ ಕಳೆದುಹೋಗುವುದಿಲ್ಲ.

ಮೊದಲು ಕಾರ್ಬನ್ ಎಣಿಸಿ. 4 ಇದೆ, ಹಾಗಾಗಿ 4 ಕಾರ್ಬನ್ ಡೈಆಕ್ಸೈಡ್. ಹೈಡ್ರೋಜನ್ 10, ಅಂದರೆ 5 ನೀರು. ಆಕ್ಸಿಜನ್ ಕೊನೆಗೆ ಇರಲಿ. ಬಲಗಡೆ 8 ಮತ್ತು 5 ಸೇರಿ 13 ಆಕ್ಸಿಜನ್ ಪರಮಾಣು ಆಯಿತು. ಗಾಳಿಯಲ್ಲಿ ಅದು ಜೋಡಿಯಾಗಿಯೇ ಇರುತ್ತದೆ. ಆರೂವರೆ ಜೋಡಿ ಬೇಕು, ಆದರೆ ಅರ್ಧ ಅಣು ಇರುವುದಿಲ್ಲ ಅಲ್ವಾ? ಎಲ್ಲವನ್ನೂ 2ರಿಂದ ಗುಣಿಸಿ (ಸಿ ಎಂದರೆ ಕಾರ್ಬನ್, ಎಚ್ ಎಂದರೆ ಹೈಡ್ರೋಜನ್, ಒ ಎಂದರೆ ಆಕ್ಸಿಜನ್):

2ಸಿ₄ಎಚ್₁₀ + 13ಒ₂ → 8ಸಿಒ₂ + 10ಎಚ್₂ಒ

ಲೆಕ್ಕ ಕೂಡದಿದ್ದಾಗ ಕೆಲವರು ಕೆಳಗಿನ ಪುಟ್ಟ ಅಂಕಿಯನ್ನೇ ತಿದ್ದಿಬಿಡುತ್ತಾರೆ. ಹಾಗೆ ಮಾಡಬಾರದು. ಎಚ್₂ಒ ಅನ್ನು ಎಚ್₂ಒ₂ ಮಾಡಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್.

ಈಗ ತೂಕ ನೋಡಿ. 14.2 ಕೆಜಿ ಸಿಲಿಂಡರಿನಲ್ಲಿ ಇರುವುದೆಲ್ಲ ಬ್ಯುಟೇನ್ ಎಂದುಕೊಂಡರೆ, ಅದು ಪೂರ್ತಿ ಉರಿಯಲು ಸುಮಾರು 51 ಕೆಜಿ ಆಕ್ಸಿಜನ್ ಬೇಕು. ಬರುವುದು ಸುಮಾರು 43 ಕೆಜಿ ಕಾರ್ಬನ್ ಡೈಆಕ್ಸೈಡ್, 22 ಕೆಜಿ ನೀರು. ಗ್ಯಾಸಿನ ತೂಕಕ್ಕಿಂತ ನೀರಿನ ತೂಕವೇ ಜಾಸ್ತಿ! ಮಕ್ಕಳು ಮೊದಲು ನಂಬುವುದಿಲ್ಲ. ತಾವೇ ಲೆಕ್ಕ ಮಾಡಿದ ಮೇಲೆ ನಂಬುತ್ತಾರೆ.

ಇಷ್ಟು ಆಕ್ಸಿಜನ್ ಸಿಗದಿದ್ದರೆ? ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಪ್ರಶ್ನೆ. 13ರ ಬದಲು 9 ಮಾತ್ರ ಸಿಕ್ಕಿತು ಎನ್ನಿ:

2ಸಿ₄ಎಚ್₁₀ + 9ಒ₂ → 8ಸಿಒ + 10ಎಚ್₂ಒ

ಈ ಸಮೀಕರಣವೂ ಸರಿದೂಗಿದೆ. ಆದರೆ ಇಲ್ಲಿ ಬಂದಿರುವುದು ಕಾರ್ಬನ್ ಮಾನಾಕ್ಸೈಡ್. ನಿಜವಾದ ಉರಿಯಲ್ಲಿ ಡೈಆಕ್ಸೈಡ್, ಮಾನಾಕ್ಸೈಡ್ ಎರಡೂ ಬೆರೆತು ಬರುತ್ತವೆ, ಗಾಳಿ ಕಡಿಮೆಯಾದಷ್ಟೂ ಮಾನಾಕ್ಸೈಡ್ ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯಲಿ ಎಂದು ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ, ಆದರೆ ಉರಿದ ಮೇಲೆ ಆ ಎಚ್ಚರಿಕೆ ಉಳಿಯುವುದಿಲ್ಲ. ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಕ್ಸಿಜನ್ನಿಗೆ ಜಾಗ ಇಲ್ಲದಂತೆ ಮಾಡುತ್ತದೆ.

ಕಿಟಕಿ ಮುಚ್ಚಿದ ಪುಟ್ಟ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿದು ಜನ ಸತ್ತ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಗೀಸರನ್ನು ಬಾತ್‌ರೂಮಿನ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ. ಚಳಿ ಎಂದು ವೆಂಟಿಲೇಟರ್ ಮುಚ್ಚಬೇಡಿ. ನೀಲಿ ಜ್ವಾಲೆ ಹಳದಿಗೆ ತಿರುಗಿದರೆ ರಿಪೇರಿ ಮಾಡಿಸಿ. ಸ್ನಾನದ ನಡುವೆ ತಲೆನೋವು, ತಲೆಸುತ್ತು ಬಂದರೆ ತಡಮಾಡದೆ ಹೊರಗೆ ಬನ್ನಿ.