ಫರಸಿ ಮೇಲಿನ ಗಣಿತ: ಪಾಠದೊಳಗಿನ ಜಿಗಿತ, ನಡಿಗೆ, ಚಪ್ಪಾಳೆ

ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ) ಓದುವ ಗೆಳೆಯರೇ, ಮೊದಲು ಎರಡನ್ನು ಬೇರೆ ಮಾಡಿಕೊಳ್ಳಿ. ಪಾಠದ ನಡುವೆ ಮಕ್ಕಳನ್ನು ಎಬ್ಬಿಸಿ ಕೈಕಾಲು ಆಡಿಸಿದರೆ ಅದು ಬರೀ ವಿರಾಮ. ಮಗು ಓಡಾಡುವುದರಲ್ಲೇ ಪಾಠದ ವಿಷಯ ಅಡಗಿದ್ದರೆ ಅದು ಚಟುವಟಿಕೆಯ ಪಾಠ. ಜಿಗಿಯುತ್ತ ‘ಮೂರೈದ್ಲೆ ಹದಿನೈದು’ ಅನ್ನಿಸುವುದು ಎರಡರ ನಡುವಿನದು. ಜಿಗಿತ ತೆಗೆದರೂ ಮಗ್ಗಿ ಹಾಗೇ ಇರುತ್ತದೆ.

ಕಲಬುರಗಿ ಕಡೆಯ ಎಷ್ಟೋ ಸಾಲಿಗಳ ನೆಲಕ್ಕೆ ಶಹಾಬಾದ್ ಫರಸಿ, ಅಂದರೆ ಚಪ್ಪಟೆ ಕಲ್ಲಿನ ಹಾಸು, ಹಾಸಿರುತ್ತದೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಬೆಂಚಿನ ಅಡ್ಡಿಯೂ ಕಡಿಮೆ. ಒಂದು ಸಾಲಿನ ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ 0ಯಿಂದ 10ರವರೆಗೆ ಬರೆಯಿರಿ. 4+3 ಅಂದರೆ 4ರ ಮೇಲೆ ನಿಂತು ಮುಂದಕ್ಕೆ ಮೂರು ಜಿಗಿತ. ಕೆಲವು ಮಕ್ಕಳು ನಿಂತ ಕಲ್ಲನ್ನೇ ‘ಒಂದು’ ಎಂದು ಎಣಿಸಿ 6ಕ್ಕೆ ಬಂದು ನಿಲ್ಲುತ್ತಾರೆ. ಪಾಟಿಯ ಮೇಲೆ 6 ಬರೆದಿದ್ದರೆ ನಾವು ತಪ್ಪು ಹಾಕಿ ಮುಂದೆ ಹೋಗುತ್ತಿದ್ದೆವು. ಇಲ್ಲಿ ಯಾವ ಕಲ್ಲಿನ ಮೇಲೆ ಎಣಿಕೆ ಕೆಟ್ಟಿತು ಎಂಬುದು ಎಲ್ಲರಿಗೂ ಕಾಣುತ್ತದೆ. ‘ಕಲ್ಲು ಎಣಿಸಬೇಡ, ಜಿಗಿತ ಎಣಿಸು’ ಎನ್ನಿ. ಪ್ರತಿ ಜಿಗಿತಕ್ಕೂ ಉಳಿದವರು ಒಂದು ಚಪ್ಪಾಳೆ ತಟ್ಟಲಿ. ಕಳೆಯುವಾಗ ಹಿಂದಕ್ಕೆ ಜಿಗಿತ. ಆಮೇಲೆ ಅದೇ ಲೆಕ್ಕವನ್ನು ಗೆರೆ, ಬಾಣ ಹಾಕಿ ಪಾಟಿಯ ಮೇಲೆ ಬರೆಸಲೇಬೇಕು. ಇದನ್ನು ಬಿಟ್ಟರೆ ಕುಣಿದದ್ದಷ್ಟೇ ಬಂತು!

ಕಲ್ಲುಗಳ ಅಳತೆ ಒಂದೇ ಇದ್ದರೆ ಮೇಲಿನ ತರಗತಿಗೆ ಸುತ್ತಳತೆ, ವಿಸ್ತೀರ್ಣವೂ ಅಲ್ಲೇ ಆಗುತ್ತದೆ: ಅಂಚು ಹಿಡಿದು ನಡೆ, ಒಳಗಿನ ಕಲ್ಲು ಎಣಿಸು.

ಕನ್ನಡಕ್ಕೆ ಬಳೆ–ಬಾಳೆ ಜೋಡಿ ಸಾಕು. ‘ಬ’ಗೆ ಒಂದು ಚಪ್ಪಾಳೆ, ‘ಬಾ’ಗೆ ತೋಳು ಅಗಲಿಸಿ ಎರಡು ಮಾತ್ರೆಯ ಹೊತ್ತು ಹಿಡಿಯುವುದು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಿಗೆ ‘ಎದ್ದು ನಿಲ್ಲು’, ‘ಬಾಗಿಲು ಮುಟ್ಟು’ ಎಂದು ಹೇಳಿ ಮೊದಲು ಮಾಡಿಸಿ. ಮಾತಾಡಲು ಅವಸರ ಬೇಡ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ ಭಾಷಾ ಕಲಿಕೆಗೆ ಹೇಳಿದ ವಿಧಾನವೂ ಇದೇ.

ನೆದರ್ಲೆಂಡ್ಸ್‌ನಲ್ಲಿ ಎರಡು ವರ್ಷ ಇಂಥ ಪಾಠ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಣಿತ, ಪದಗಳ ಕಾಗುಣಿತ (ಸ್ಪೆಲಿಂಗ್) ಎರಡೂ ಸುಧಾರಿಸಿದವು. ಓದಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಗದ್ಯ ಓದಿಸುವಾಗ ಸುಮ್ಮನೆ ಕೂರಿಸಿ ಓದಿಸಿದರೆ ನಷ್ಟವೇನಿಲ್ಲ ಅನ್ನುವುದು ನನ್ನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 5–17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಹೇಳುತ್ತದೆ. ಅಷ್ಟು ಈ ಪಾಠಗಳಿಂದ ತುಂಬದು, ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ.

ಜಿಗಿಯಲಾಗದ ಮಗುವನ್ನು ಚಪ್ಪಾಳೆಗೆ ಮಾತ್ರ ಕೂರಿಸಬೇಡಿ. ಅದೇ ಸಂಖ್ಯಾರೇಖೆಯನ್ನು ಗೋಡೆಯ ಮೇಲೆ ಕೈಗೆಟಕುವಂತೆ ಬರೆದು ಬೆರಳಿನಿಂದ ಜಿಗಿಸಿ. ಮಾರ್ಚ್ ದಾಟಿದ ಮೇಲೆ ಈ ಕಡೆಯ ಬಿಸಿಲು ಗೊತ್ತಲ್ಲ; ಜಿಗಿತ ಬೆಳಗಿನ ಮೊದಲ ಪೀರಿಯಡ್‌ಗೆ, ಕೋಣೆಯೊಳಗೇ ಇರಲಿ. ಬಿಸಿಯೂಟದ ಮೇಲೆ ನಿಂತಲ್ಲೇ ಮಾಡುವ ಬಳೆ–ಬಾಳೆ ಸಾಕು.