ಅಂಟಿಸಿದ ರೈಫಲ್ ಆಕ್ಷನ್ ಬಿಡಿಸುವುದು: ಬಿಸಿ ಎಲ್ಲಿಗೆ, ಯಾಕೆ?

ರೈಫಲ್‌ನ ಆಕ್ಷನ್, ಅಂದರೆ ಗುಂಡು ತುಂಬಿ ಹಾರಿಸುವ ಲೋಹದ ಭಾಗ, ಸಾಮಾನ್ಯವಾಗಿ ಎರಡು ಮೂರು ಸ್ಕ್ರೂಗಳ ಹಿಡಿತದಲ್ಲಿ ಸ್ಟಾಕ್ ಒಳಗೆ (ಕೈಯಲ್ಲಿ ಹಿಡಿದು ಭುಜಕ್ಕೆ ಒತ್ತುವ ಮರದ ಅಥವಾ ಫೈಬರ್‌ಗ್ಲಾಸ್ ಭಾಗ) ಕೂತಿರುತ್ತದೆ. ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ರೈಫಲನ್ನು ಮೇಜಿನ ಮೇಲೆ ಆನಿಸಿ ಹೊಡೆಯುವ ಬೆಂಚ್‌ರೆಸ್ಟ್ ಗುರಿ ಸ್ಪರ್ಧೆಯವರಿಗೆ ಅಷ್ಟು ಸಾಲದು. ಆಕ್ಷನ್ ಒಂಚೂರೂ ಅಲುಗಬಾರದು ಅಂತ ಎಪಾಕ್ಸಿ ಹಾಕಿ ಫೈಬರ್‌ಗ್ಲಾಸ್ ಸ್ಟಾಕ್‌ಗೆ ಅಂಟಿಸಿಯೇ ಬಿಡುತ್ತಾರೆ. ರೆಮಿಂಗ್ಟನ್ 700 ಆಕ್ಷನ್‌ಗಳಲ್ಲಿ ಇದು ಹಳೆಯ ಪದ್ಧತಿ. ನಮ್ಮ ಸಕಲೇಶಪುರದ ಕಡೆ ಕಾರಣ ಬೇರೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತೋಟದ ರೈಫಲ್ ಲೊಡಲೊಡ ಅನ್ನಲು ಶುರುವಾದರೆ ಯಾರೋ ಅರಲ್ಡೈಟ್ (ಅಂಗಡಿಯಲ್ಲಿ ಸಿಗುವ ಎಪಾಕ್ಸಿ ಅಂಟು) ಸುರಿದು ಕೈತೊಳೆದುಕೊಂಡಿರುತ್ತಾರೆ.

ಈ ಟಿಪ್ಪಣಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಮೇಸ್ತ್ರಿ ಕೈಕೆಳಗೆ ಕಲಿಯುತ್ತಿರುವವರಿಗೆ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ರಿಪೇರಿ ಕಸುಬಿಗೂ ಲೈಸೆನ್ಸ್ ಬೇಕು. ಗುಂಡು ಇಲ್ಲ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಬೋಲ್ಟ್ (ಹಿಂದೆ ಮುಂದೆ ಎಳೆದು ಗುಂಡು ತುಂಬುವ ಸರಳು), ಸ್ಕೋಪ್ ತೆಗೆದಿಡಿ, ಬಿಚ್ಚಲು ಬಂದರೆ ಟ್ರಿಗರ್ ಕೂಡ. ಸ್ಕ್ರೂಗಳನ್ನು ಬಿಚ್ಚಿ. ಇದೆಲ್ಲ ಗೊತ್ತಿರುವುದೇ.

ಈಗ ನನ್ನ ತಲೆ ಕೆಡಿಸಿದ ವಿಷಯ. ಎಲ್ಲರೂ 'ಬಿಸಿ ಮಾಡು, ಬಿಡುತ್ತದೆ' ಅನ್ನುತ್ತಾರೆ. ಬಿಸಿಯಾದರೆ ಲೋಹ ಹಿಗ್ಗುತ್ತದೆ ಅಲ್ವಾ? ಹಿಗ್ಗಿದರೆ ಇನ್ನೂ ಬಿಗಿಯಾಗಬೇಕು. ಹಾಗಿದ್ದರೆ ಬಿಡುವುದು ಹೇಗೆ?

ಲೆಕ್ಕ ಹಾಕಿದ ಮೇಲೆಯೇ ಸಮಾಧಾನ ಆಯಿತು. ಉಕ್ಕು ಒಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 35 ಮಿ.ಮೀ. ದಪ್ಪದ ಆಕ್ಷನ್ ಅನ್ನು 80 ಡಿಗ್ರಿ ಏರಿಸಿದರೆ ಹಿಗ್ಗುವುದು 0.03 ಮಿ.ಮೀ. ಅಷ್ಟೇ. ಬಿಗಿಯಾಗುವುದು ನಿಜ, ಆದರೆ ಅಷ್ಟರಲ್ಲಿ ಅಂಟಿನ ಗುಣವೇ ಬದಲಾಗಿರುತ್ತದೆ. ಎಪಾಕ್ಸಿ ಮೇಣದ ಹಾಗೆ ಕರಗುವುದಿಲ್ಲ. ಒಂದು ಉಷ್ಣತೆ ದಾಟಿದರೆ ಗಾಜಿನಂಥ ಗಡಸುತನ ಹೋಗಿ ರಬ್ಬರಿನಂತಾಗುತ್ತದೆ. ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಇದು ಹೆಚ್ಚಾಗಿ 50ರಿಂದ 80 ಡಿಗ್ರಿ ಸೆಲ್ಸಿಯಸ್ ಒಳಗೇ ಆಗುತ್ತದೆ. ತಣ್ಣಗಾದರೆ ಮತ್ತೆ ಗಟ್ಟಿ. ಅಂದರೆ ಬಿಸಿ ಮಾಡಿ, ಕಾಫಿ ಕುಡಿದು ಬಂದು ಎಳೆದರೆ ಏನೂ ಬರುವುದಿಲ್ಲ. ಬಿಸಿ ಇರುವಾಗಲೇ ಎಳೆಯಬೇಕು.

ಬಿಸಿ ಎಲ್ಲಿ ಕೊಡಬೇಕು ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಲೋಹಕ್ಕೇ ಕೊಡಬೇಕು, ಸ್ಟಾಕ್‌ಗೆ ಅಲ್ಲ. ಉಕ್ಕಿಗೆ ಹೋಲಿಸಿದರೆ ಮರ ಬಿಸಿಯನ್ನು ಸಾಗಿಸುವುದೇ ಇಲ್ಲ ಅನ್ನಬಹುದು. ಹೊರಗಿನಿಂದ ಹೀಟ್ ಗನ್ ಹಿಡಿದರೆ ಅಂಟು ಬೆಚ್ಚಗಾಗುವ ಮೊದಲೇ ಪಾಲಿಶ್ ಗುಳ್ಳೆ ಏಳುತ್ತದೆ. ಫೈಬರ್‌ಗ್ಲಾಸ್ ಇನ್ನೂ ಸೂಕ್ಷ್ಮ, ಅದರ ಮೈಯಲ್ಲೂ ರಾಳವೇ ಇದೆ. ಅದಕ್ಕೇ ನನಗೆ ಇಷ್ಟವಾದ ಉಪಾಯ ಇದು: ಬೋಲ್ಟ್ ಓಡಾಡುವ ತೂತಿನಲ್ಲಿ ಸಡಿಲವಾಗಿ ಕೂರುವ ಅಲ್ಯೂಮಿನಿಯಂ ಸರಳನ್ನು ಕಾಯಿಸಿ ಒಳಗಿಡಿ. ಆರಿದರೆ ಬದಲಾಯಿಸಿ. ಬಿಸಿ ಒಳಗಿನಿಂದ ಹೊರಗೆ ಹರಿದು ಮೊದಲು ಅಂಟನ್ನೇ ಮುಟ್ಟುತ್ತದೆ. ಮಲ್ಟಿಮೀಟರಿನ ಉಷ್ಣತೆ ತಂತಿಯನ್ನು ಆಕ್ಷನ್ ಮೇಲೆ ಟೇಪ್ ಹಚ್ಚಿ ಕೂರಿಸಿ. 100 ಡಿಗ್ರಿ ಸುತ್ತಮುತ್ತ ಸಾಕು. ಬ್ಲೋ ಲ್ಯಾಂಪ್ ಮಾತ್ರ ಬೇಡ. ಹೊಳೆಯುವ ಉಕ್ಕು ಸುಮಾರು 220 ಡಿಗ್ರಿಗೆ ತಿಳಿ ಹಳದಿಗೆ ತಿರುಗುತ್ತದೆ. ಆ ಬಣ್ಣ ಕಂಡರೆ ಬಿಸಿ ಬೇಕಾದ್ದಕ್ಕಿಂತ ತುಂಬ ಮೀರಿದೆ ಅಂತ ಅರ್ಥ. ಕಿಟಕಿ ತೆಗೆದಿರಲಿ, ಕಾದ ಎಪಾಕ್ಸಿಯ ಹೊಗೆ ಒಳ್ಳೆಯದಲ್ಲ.

ತಣ್ಣಗೆ ಮಾಡಿ ಬಿಡಿಸುವುದೂ ಇದೆ. ಅಲ್ಲಿ ಕಾರಣ ಪೂರ್ತಿ ಉಲ್ಟಾ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಅದೇ ಆಕ್ಷನ್ ಸುಮಾರು 0.02 ಮಿ.ಮೀ. ಕುಗ್ಗಿ ಅಂಚಿನಿಂದ ದೂರ ಸರಿಯಲು ನೋಡುತ್ತದೆ, ಅಂಟು ಪೆಡಸಾಗುತ್ತದೆ. ಒಂದು ಏಟಿಗೆ ಟಕ್ ಅಂತ ಬಿರುಕು ಬಿಡಬಹುದು. ಫೈಬರ್‌ಗ್ಲಾಸ್‌ಗೆ ಪರವಾಗಿಲ್ಲ, ಮರಕ್ಕೆ ನಾನು ಹೇಳುವುದಿಲ್ಲ. ಬ್ಯಾರಲ್ ಸಮೇತ ಹಿಡಿಸುವ ಫ್ರೀಜರ್ ಯಾರ ಮನೆಯಲ್ಲಿದೆ ಅನ್ನುವುದು ಬೇರೆ ಪ್ರಶ್ನೆ! ಜುಲೈನಲ್ಲಿ ಹೊರಗೆ ತೆಗೆದರೆ ಮೈತುಂಬ ನೀರು ಕೂರುತ್ತದೆ. ತಕ್ಷಣ ಒರೆಸಿ ಎಣ್ಣೆ ಹಚ್ಚಿ.

ಆಕ್ಷನ್ ಸ್ಟಾಕ್‌ನಿಂದ ನೇರವಾಗಿ ಹೊರಬರಬೇಕು, ಓರೆಯಾಗಿ ಅಲ್ಲ. ಆಕ್ಷನ್ ಮುಂದುಗಡೆ ಕೆಳಗೆ ರೀಕಾಯಿಲ್ ಲಗ್ ಅನ್ನುವ ಗಟ್ಟಿ ಹಲ್ಲು ಮರದೊಳಗೆ ಇಳಿದಿರುತ್ತದೆ. ಬ್ಯಾರಲ್ ಹಿಡಿದು ಅಕ್ಕಪಕ್ಕ ತಿರುವಿದರೆ ಆ ಹಲ್ಲೇ ಮರ ಸೀಳುತ್ತದೆ. ಸ್ಟಾಕ್ ತಲೆಕೆಳಗೆ ಮಾಡಿ, ಕೆಳಗೆ ದಪ್ಪ ಚಿಂದಿ ಹಾಸಿ, ಅದೇ ಮರೆಯ (ಥ್ರೆಡ್‌ನ) ಹಳೇ ಉದ್ದ ಸ್ಕ್ರೂವನ್ನು ಆಕ್ಷನ್ ಸ್ಕ್ರೂ ತೂತಿಗೆ ಸಾಕಷ್ಟು ಸುತ್ತು ತಿರುಗಿಸಿ, ಅದರ ತಲೆ ಮೇಲೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಮುಂದೊಂದು ಏಟು, ಹಿಂದೊಂದು ಏಟು. ಅಸಲಿ ಸ್ಕ್ರೂ ಬಳಸಬೇಡಿ, ಮರೆ ಕೆಡುತ್ತದೆ.

ಚೆನ್ನಾಗಿ ಕಾದರೂ ಬರದಿದ್ದರೆ ತಡೆಯುತ್ತಿರುವುದು ಹೆಚ್ಚಾಗಿ ಅಂಟಿನ ಹಿಡಿತವಲ್ಲ. ಯಾವುದೋ ತೂತಿಗೆ ಎಪಾಕ್ಸಿ ಹರಿದು ಗೂಟದಂತೆ ಕೂತಿರಬಹುದು. ಜೋರು ಮಾಡದೆ ಆ ತೂತು ಹುಡುಕಿ, ಸಣ್ಣ ಡ್ರಿಲ್‌ನಿಂದ ಕೆರೆದು ತೆಗೆಯಿರಿ.

ಉಳಿದ ಚೂರುಗಳು ಬೆಚ್ಚಗಿರುವಾಗಲೇ ಹಿತ್ತಾಳೆ ಪಟ್ಟಿಗೆ ಸುಲಭವಾಗಿ ಎದ್ದು ಬರುತ್ತವೆ. ಮತ್ತೆ ಬೆಡ್ಡಿಂಗ್ (ಆಕ್ಷನ್ ಅಲುಗದೆ ಕೂರಲು ಸ್ಟಾಕ್ ಒಳಗೆ ಎಪಾಕ್ಸಿಯ ಅಚ್ಚು ಹಾಕುವುದು) ಮಾಡುವಾಗ ಲೋಹದ ಮೈಗೆ ತೆಳುವಾಗಿ ಮೇಣದ ಪಾಲಿಶ್ ಹಚ್ಚಿ, ತೂತುಗಳಿಗೆ ಜೇಡಿಮಣ್ಣು ತುಂಬಿ. ಆಗ ಎಪಾಕ್ಸಿ ಅಚ್ಚು ಹಿಡಿಯುತ್ತದೆ, ಲೋಹಕ್ಕೆ ಅಂಟುವುದಿಲ್ಲ.