ನೆಲಗುಬ್ಬಿ: ಹಕ್ಕಿಗೆ ಮೊದಲು ನೆಲ ನೋಡಿ

ಮಲೆನಾಡಿನಲ್ಲಿ ಹಕ್ಕಿ ನೋಡಲು ಶುರು ಮಾಡಿದವರಿಗೆ ಕತ್ತು ನೋವು ತಪ್ಪಿದ್ದಲ್ಲ. ಮಂಗಟ್ಟೆ, ಕುಟ್ರುಹಕ್ಕಿ, ಮಿನಿವೆಟ್ ಎಲ್ಲವೂ ಮರದ ತುದಿಯವು. ಕತ್ತೆತ್ತಿ ನೋಡಿ ನೋಡಿ ಅದೇ ರೂಢಿಯಾಗಿಬಿಡುತ್ತದೆ. ಲಾರ್ಕ್‌ಗಳ ಪಾಠಕ್ಕೆ ಬಂದಾಗ ನಾವು ತಡವರಿಸುವುದು ಇದೇ ಕಾರಣಕ್ಕೆ. ಇವು ನೆಲದಲ್ಲೇ ಮೇದು, ನೆಲದಲ್ಲೇ ಮಲಗಿ, ನೆಲದಲ್ಲೇ ಮರಿ ಮಾಡುವ ಹಕ್ಕಿಗಳು. ಬಣ್ಣವೂ ಮಣ್ಣಿನದ್ದೇ. ಈ ಟಿಪ್ಪಣಿಗೆ ಆರಿಸಿಕೊಂಡದ್ದು ಅವುಗಳಲ್ಲಿ ನಮಗೆ ಸುಲಭವಾಗಿ ಸಿಗಬಹುದಾದ ನೆಲಗುಬ್ಬಿಯನ್ನು. ಇಂಗ್ಲಿಷಿನಲ್ಲಿ ಆಶಿ-ಕ್ರೌನ್ಡ್ ಸ್ಪ್ಯಾರೋ-ಲಾರ್ಕ್, ವೈಜ್ಞಾನಿಕವಾಗಿ ಎರೆಮಾಪ್ಟೆರಿಕ್ಸ್ ಗ್ರಿಸಿಯಸ್. ಹಿಮಾಲಯದ ಬುಡದಿಂದ ಶ್ರೀಲಂಕೆಯವರೆಗೆ ಬಯಲು ಇದ್ದಲ್ಲೆಲ್ಲ ಹೆಚ್ಚುಕಡಿಮೆ ಇದೆ.

ಇದಕ್ಕೆ ವೈಜ್ಞಾನಿಕ ಹೆಸರಿಟ್ಟವರು ಯುರೋಪಿನ ನಿಸರ್ಗವಿಜ್ಞಾನಿ ಸ್ಕೋಪೋಲಿ, 1786ರಲ್ಲಿ. ಅವರು ಭಾರತಕ್ಕೆ ಬಂದವರಲ್ಲ. ಫ್ರೆಂಚ್ ಪ್ರವಾಸಿ ಸೊನೆರಾ ಇಲ್ಲಿನ ಹಕ್ಕಿಗಳ ಬಗ್ಗೆ ಬರೆದಿದ್ದನ್ನು ಓದಿ ಹೆಸರು ಕೊಟ್ಟರು. ಮುಂದೆ ಬರುವ ಮಲಬಾರ್ ಲಾರ್ಕಿಗೂ ಅದೇ ವರ್ಷ ಅವರೇ ಹೆಸರಿಟ್ಟದ್ದು. ಜಗತ್ತಿನಲ್ಲಿ ಸುಮಾರು 100 ಬಗೆಯ ಲಾರ್ಕ್‌ಗಳಿವೆ, ಬಹುಪಾಲು ಆಫ್ರಿಕಾದವು. ಬೇರೆ ಹಾಡುಹಕ್ಕಿಗಳಿಗೆ ಕಾಲಿನ ಹಿಂಬದಿ ನುಣುಪಾದ ಅಂಚಿನಂತಿದ್ದರೆ ಇವಕ್ಕೆ ಅಲ್ಲೂ ದುಂಡಗೆ ಹುರುಪೆ ಜೋಡಿಸಿರುತ್ತದೆ. ಕುಟುಂಬವನ್ನು ಬೇರ್ಪಡಿಸುವ ಲಕ್ಷಣಗಳಲ್ಲಿ ಇದೂ ಒಂದು. ಆದರೆ ಹಕ್ಕಿ ಕೈಯಲ್ಲಿದ್ದರೆ ಮಾತ್ರ ಕಾಣುವಂಥದ್ದು, ಬಯಲಲ್ಲಿ ನಮಗೆ ಉಪಯೋಗವಿಲ್ಲ.

ಎಲ್ಲಿ ಹುಡುಕಬೇಕು

ಶಿವಮೊಗ್ಗ ಜಿಲ್ಲೆ ಲಾರ್ಕ್ ಕಲಿಯಲು ಒಳ್ಳೆಯ ಜಾಗ. ಶಿವಮೊಗ್ಗ ಪೇಟೆಯಲ್ಲಿ ವರ್ಷಕ್ಕೆ 1,000 ಮಿ.ಮೀ. ಆಸುಪಾಸು ಮಳೆ. ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋದರೆ 7,000 ಮಿ.ಮೀ.ಗೂ ಹೆಚ್ಚು. ನೂರು ಕಿಲೋಮೀಟರ್ ಒಳಗೆ ಇಷ್ಟು ವ್ಯತ್ಯಾಸ ಇರುವುದರಿಂದ, ಪೂರ್ವದಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಹೋಗುವಾಗಲೇ ಒಂದು ಲಾರ್ಕ್ ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತದೆ. ಹೀಗಾಗಿ ಈ ಗುಂಪಿನ ಮಟ್ಟಿಗೆ ನನ್ನ ಕ್ರಮ ಇದು: ದುರ್ಬೀನು ಎತ್ತುವ ಮೊದಲು ನಿಂತ ಜಾಗದ ಮಣ್ಣು, ಬೆಳೆ, ಹುಲ್ಲಿನ ಎತ್ತರ, ಮರ ಎಷ್ಟು ದೂರ ಎಂಬುದನ್ನು ಬರೆದುಕೊಳ್ಳುವುದು. ಹಾಗೆ ಬರೆದಾಗ ಅರ್ಧ ಉತ್ತರ ಬಂದೇಬಿಡುತ್ತದೆ.

ನೆಲಗುಬ್ಬಿಗೆ ಬೇಕಾದದ್ದು ಬರಿ ನೆಲ. ಸೊಂಟದೆತ್ತರದ ಹುಲ್ಲು ಬೇಡ, ಪೊದೆಯ ದಟ್ಟಣೆ ಬೇಡ, ಮರವಂತೂ ಬೇಡವೇ ಬೇಡ. ಶಿಕಾರಿಪುರ, ಭದ್ರಾವತಿ, ಶಿವಮೊಗ್ಗ ತಾಲ್ಲೂಕುಗಳ ಬಯಲುಸೀಮೆಗೆ ಅಂಟಿಕೊಂಡ ಕಡೆ, ಹೊನ್ನಾಳಿ-ಚನ್ನಗಿರಿ ದಿಕ್ಕಿನಲ್ಲಿ, ಮೆಕ್ಕೆಜೋಳ ಕಟಾವಾದ ಹೊಲ, ಉತ್ತು ಹೆಂಟೆ ಎದ್ದ ಹೊಲ, ದನ ಮೇದು ಬೋಳಾದ ಗೋಮಾಳ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಇವನ್ನೆಲ್ಲ ನೋಡಬೇಕು. ಕಲ್ಲು-ಕೊರಕಲಿನ ಕುರುಚಲು ಜಾಗವೂ ಆಗುತ್ತದೆ. ಭತ್ತ ಕೊಯ್ದು ಕೂಳೆ ಒಣಗಿ ಗದ್ದೆ ಬಿರುಕು ಬಿಟ್ಟ ಮೇಲೆ, ಅಂದರೆ ಜನವರಿಯಿಂದ ಮೇವರೆಗೆ, ಅದೂ ಈ ಹಕ್ಕಿಗೆ ಒಗ್ಗುವ ನೆಲವೇ. ಅದೇ ಗದ್ದೆಯಲ್ಲಿ ಜುಲೈನಲ್ಲಿ ಹುಡುಕಿದರೆ ಸಿಗುವುದು ಬೆಳ್ಳಕ್ಕಿ. ಮಳೆ ಹೆಚ್ಚಿದಾಗ ನೆಲಗುಬ್ಬಿ ಒಣ ಜಾಗಗಳ ಕಡೆ ಸರಿಯುತ್ತದೆ. ದೂರದೇಶಕ್ಕೆ ವಲಸೆ ಹೋಗುವುದಿಲ್ಲ, ಊರು ಬದಲಿಸುತ್ತದೆ ಅಷ್ಟೆ.

ಕಾನು, ಸೊಪ್ಪಿನಬೆಟ್ಟ, ಅಡಿಕೆ ತೋಟಗಳಲ್ಲಿ ಇದನ್ನು ಹುಡುಕುವುದೇ ಬೇಡ. ಯಾರಾದರೂ ಆಗುಂಬೆ ಕಾಡಿನ ಪಟ್ಟಿಯಲ್ಲಿ ನೆಲಗುಬ್ಬಿ ಬರೆದಿದ್ದರೆ ಒಮ್ಮೆ ಫೋಟೋ ಕೇಳಿ.

ಗಂಡು ಸುಲಭ, ಹೆಣ್ಣು ಪರೀಕ್ಷೆ

ಗಾತ್ರ 12-13 ಸೆಂ.ಮೀ., ಊರ ಗುಬ್ಬಿಗಿಂತ ತುಸು ಚಿಕ್ಕದು. ಮೈ ಗಿಡ್ಡ, ಬಾಲ ಗಿಡ್ಡ, ಕೊಕ್ಕು ಕಾಳು ಒಡೆಯುವ ಹಕ್ಕಿಗಳಂತೆ ಬುಡದಲ್ಲಿ ದಪ್ಪ. ಗಂಡಿನ ನೆತ್ತಿ ಬೂದಿ ಬಣ್ಣ, ಕೆನ್ನೆ ಬೆಳ್ಳಗೆ. ಕಣ್ಣಿನ ಮೇಲೆ ಹಾಯುವ ಕಪ್ಪು ಪಟ್ಟಿ, ಗದ್ದ-ಗಂಟಲು-ಎದೆ-ಹೊಟ್ಟೆಯ ಕಪ್ಪಿಗೆ ಬಂದು ಕೂಡುತ್ತದೆ. ಹೊಟ್ಟೆಯೆಲ್ಲ ಕಪ್ಪಾಗಿ ಬೆನ್ನು ಮಣ್ಣುಬೂದು ಇರುವ ಇಷ್ಟು ಪುಟ್ಟ ಹಕ್ಕಿ ನಮ್ಮ ಹೊಲಗಳಲ್ಲಿ ಇನ್ನೊಂದಿಲ್ಲ. ರಾಜಸ್ಥಾನ, ಗುಜರಾತಿನ ಮರಳುಗಾಡಿನಲ್ಲಿ ಇದರ ಹತ್ತಿರದ ಸಂಬಂಧಿ ಇದೆ, ಅದಕ್ಕೆ ನೆತ್ತಿಯೂ ಕಪ್ಪು. ಇಲ್ಲಿ ಆ ಗೊಂದಲ ಇಲ್ಲ.

ಇಷ್ಟು ಎದ್ದು ಕಾಣುವ ಬಣ್ಣ ಇದ್ದರೂ ಗಂಡು ಯಾಕೆ ಕಣ್ಣಿಗೆ ಬೀಳುವುದಿಲ್ಲ? ಕಪ್ಪೆಲ್ಲ ಕೆಳಗಿದೆ. ಹೆದರಿದಾಗ ಹಾರದೆ ನೆಲಕ್ಕೆ ಕವುಚಿ ಕೂರುತ್ತದೆ, ಆಗ ಮೇಲಿನಿಂದ ಕಾಣುವುದು ಬೆನ್ನಿನ ಮಣ್ಣು ಬಣ್ಣ ಮಾತ್ರ. ಗಿಡುಗನಿಗೂ ಅಷ್ಟೆ, ನಿಂತು ನೋಡುವ ನಮಗೂ ಅಷ್ಟೆ. ಆಕಾಶಕ್ಕೆ ಏರಿದಾಗ ಮಾತ್ರ ಕೆಳಗಿರುವ ಹೆಣ್ಣಿಗೆ, ಪಕ್ಕದ ಗಂಡಿಗೆ ಆ ಕಪ್ಪು ಪೂರ್ತಿ ತೋರುತ್ತದೆ. ಆದ್ದರಿಂದ ನೀವೂ ಕುಕ್ಕರುಗಾಲಿನಲ್ಲಿ ಕುಳಿತು, ಹಕ್ಕಿಯ ಮಟ್ಟಕ್ಕೆ ಕಣ್ಣು ತಂದು ನೋಡಿ. ಪ್ಯಾಂಟಿಗೆ ಮಣ್ಣು ಮೆತ್ತುತ್ತದೆ, ಹಕ್ಕಿ ಕಾಣುತ್ತದೆ.

ಹೆಣ್ಣಿಗೆ ಕಪ್ಪಿಲ್ಲ. ಮೇಲೆಲ್ಲ ಮರಳು-ಕಂದು, ಕೆಳಗೆ ಮಾಸಲು, ಎದೆಯ ಮೇಲೆ ಮಸುಕು ಗೀರು. ಹೆಣ್ಣು ಗುಬ್ಬಚ್ಚಿ ಎಂದುಕೊಂಡು ಮುಂದೆ ಹೋಗಿಬಿಡುವಷ್ಟು ಹೋಲಿಕೆ. ಇಲ್ಲಿ ಬಣ್ಣ ಬಿಟ್ಟು ಕಾಲು ನೋಡಬೇಕು. ಗುಬ್ಬಚ್ಚಿ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ನೆಲಗುಬ್ಬಿ ಒಂದರ ಹಿಂದೊಂದು ಕಾಲಿಟ್ಟು ನಡೆಯುತ್ತದೆ. ಸೊಟ್ಟಸೊಟ್ಟಗೆ ಗುಡುಗುಡು ಓಡಿ, ಗಕ್ಕನೆ ನಿಂತು, ಕಾಳು ಹೆಕ್ಕಿ, ಮತ್ತೆ ಓಡುತ್ತದೆ. ಮೈ ಯಾವಾಗಲೂ ನೆಲಕ್ಕೆ ತಗ್ಗಿರುತ್ತದೆ. ಗುಬ್ಬಚ್ಚಿಯ ಬೆನ್ನಿನ ಮೇಲೆ ದಟ್ಟ ಕಪ್ಪು-ಕಂದು ಗೆರೆಗಳಿದ್ದರೆ ಇದರ ಬೆನ್ನು ಹೆಚ್ಚುಕಡಿಮೆ ಒಂದೇ ಬಣ್ಣ. ಇನ್ನೂ ಒಂದು ಗುಟ್ಟು: ಒಂಟಿ ಹೆಣ್ಣನ್ನು ಹೆಸರಿಸಲು ಒದ್ದಾಡಬೇಡಿ. ಐದು ನಿಮಿಷ ಅಲ್ಲೇ ಕಾದರೆ ಆಸುಪಾಸಿನಲ್ಲಿ ಗಂಡು ಇದ್ದರೆ ತೋರಿಸಿಕೊಳ್ಳುತ್ತದೆ.

ಮರಿಗಳು ಹೆಣ್ಣಿನಂತೆಯೇ ಇರುತ್ತವೆ. ಬಹುತೇಕ ಹಾಡುಹಕ್ಕಿಗಳ ಮರಿಗಳು ಮೊದಲ ಸಲ ಪುಕ್ಕ ಬದಲಿಸುವಾಗ ರೆಕ್ಕೆಯ ದೊಡ್ಡ ಗರಿಗಳನ್ನು ಹಾಗೇ ಉಳಿಸಿಕೊಳ್ಳುತ್ತವೆ. ಲಾರ್ಕ್ ಮರಿಗಳು ಮೈಯ ಎಲ್ಲ ಗರಿಗಳನ್ನೂ ಬದಲಿಸಿಬಿಡುತ್ತವೆ. ಹಾಗಾಗಿ ಒಮ್ಮೆ ಪುಕ್ಕ ಬದಲಾದ ಮೇಲೆ ವಯಸ್ಸು ಹೇಳುವುದು ಕಷ್ಟ. ಆ ನಡುವಿನ ದಿನಗಳಲ್ಲಿ ಹೊಟ್ಟೆಯ ಮೇಲೆ ತೇಪೆ ಹಾಕಿದಂತೆ ಕಪ್ಪು ಚುಕ್ಕೆಗಳಿರುವ ಹಕ್ಕಿ ಕಂಡರೆ ಹೊಸ ಪ್ರಭೇದ ಎಂದು ಗುಂಪಿಗೆ ಹಾಕಿ ಗದ್ದಲ ಎಬ್ಬಿಸಬೇಡಿ, ಅದು ಬೆಳೆಯುತ್ತಿರುವ ಗಂಡು.

ಜೊತೆಗೆ ಸಿಗುವವರು

ಪಿಪಿಟ್‌ಗಳು ಲಾರ್ಕ್‌ಗಳೇ ಅಲ್ಲ, ಅವು ಕುಂಡೆಕುಸ್ಕಗಳ ನೆಂಟರು. ಗದ್ದೆಯ ಪಿಪಿಟ್ ಸಪೂರ, ಕಾಲುದ್ದ, ಕೊಕ್ಕು ತೆಳ್ಳಗೆ, ನೆಟ್ಟಗೆ ನಿಂತು ಬಾಲ ಅಲ್ಲಾಡಿಸುತ್ತದೆ. ಇಷ್ಟು ಸಾಕು. ರಾಟವಾಳಗಳ ಕೊಕ್ಕೂ ದಪ್ಪ, ಆದರೆ ಅವು ಹುಲ್ಲಿನ ತೆನೆಗೆ ಜೋತು ಬೀಳುತ್ತವೆ. ನೆಲಗುಬ್ಬಿ ಉದುರಿದ್ದನ್ನು ಹೆಕ್ಕುತ್ತದೆ.

ನಿಜವಾದ ಕೆಲಸ ಇರುವುದು ಬೇರೆ ಲಾರ್ಕ್‌ಗಳ ಜೊತೆ. ಜೆರ್ಡನ್ಸ್ ಬುಶ್‌ಲಾರ್ಕ್ ಹೊಲದ ಬದುವಿನಲ್ಲಿ, ಲಂಟಾನ ಇರುವ ಕುರುಚಲಿನಲ್ಲಿ ಸಿಗುತ್ತದೆ. ನೆಲಗುಬ್ಬಿಗಿಂತ ದೊಡ್ಡದು, ಎದೆಯ ಮೇಲೆ ಸ್ಪಷ್ಟ ಚುಕ್ಕೆ, ಹಾರಿದಾಗ ರೆಕ್ಕೆಯಲ್ಲಿ ಇಟ್ಟಿಗೆ ಕೆಂಪು. ಬೇಲಿಗೂಟ, ಪೊದೆಯ ತುದಿ, ತಂತಿ ಹೀಗೆ ಎತ್ತರದಲ್ಲಿ ಕೂತು ಒಣಗಿದ ದನಿಯಲ್ಲಿ ಹಾಡುವುದು ಇದರ ಚಾಳಿ. ಇಂಡಿಯನ್ ಬುಶ್‌ಲಾರ್ಕ್ ನೋಡಲು ಬಹುತೇಕ ಹೀಗೇ, ಆದರೆ ಹಾಡುವುದು ಹೆಚ್ಚಾಗಿ ಹಾರುತ್ತ. ಹಿಂದೆ ಒಂದೇ ಪ್ರಭೇದವೆಂದು ಸೇರಿಸುತ್ತಿದ್ದ ಜೆರ್ಡನ್ಸ್ ಮತ್ತು ಅದರ ಹತ್ತಿರದ ಬುಶ್‌ಲಾರ್ಕ್‌ಗಳನ್ನು 1998ರಲ್ಲಿ ಸ್ವೀಡನ್ನಿನ ಪಕ್ಷಿತಜ್ಞ ಪರ್ ಆಲ್‌ಸ್ಟ್ರಮ್ ಬೇರೆಬೇರೆ ಪ್ರಭೇದಗಳೆಂದು ವಿಂಗಡಿಸಿದಾಗ ಮುಖ್ಯ ಆಧಾರವಾದದ್ದು ಹಾಡು ಮತ್ತು ಹಾರಾಟವೇ. ಪುಕ್ಕಕ್ಕಿಂತ ನಡವಳಿಕೆ ಹೆಚ್ಚು ಹೇಳುವ ಗುಂಪು ಇದು. ಕ್ಯಾಮೆರಾ ಜೊತೆ ಮೊಬೈಲಿನಲ್ಲಿ ದನಿಯನ್ನೂ ರೆಕಾರ್ಡ್ ಮಾಡಿಕೊಳ್ಳಿ ಎಂದು ಹೇಳುವುದು ಇದಕ್ಕೇ.

ಪಶ್ಚಿಮಕ್ಕೆ, ಬ್ಯಾಣಗಳು (ಮೇವಿಗೆ ಬಿಟ್ಟ ಹುಲ್ಲುಗಾವಲು) ಮತ್ತು ಘಟ್ಟದ ಹುಲ್ಲುಗುಡ್ಡಗಳ ಕಡೆ ಹೋದಂತೆ ಮಲಬಾರ್ ಲಾರ್ಕ್ ಬರುತ್ತದೆ. ಚೂಪು ಜುಟ್ಟು, ಎದೆಯ ಮೇಲೆ ದಟ್ಟ ಗೀರು, ಮೈ ಕೆಂಪು ಛಾಯೆಯ ಕಂದು. ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಜಂಬಿಟ್ಟಿಗೆ ಬಂಡೆಯ ಮೇಲೆ ಜುಟ್ಟಿನ ಹಕ್ಕಿ ಕೂತಿದ್ದರೆ ಮೊದಲು ಇದನ್ನೇ ಯೋಚಿಸಿ. ಓರಿಯೆಂಟಲ್ ಸ್ಕೈಲಾರ್ಕಿಗೂ ಜುಟ್ಟಿದೆ, ಆದರೆ ಮೊಂಡು. ಒದ್ದೆ ಹುಲ್ಲುಗಾವಲು, ಕೆರೆಯಂಚು ಅದಕ್ಕೆ ಇಷ್ಟ. ಬಾನಿನಲ್ಲಿ ಚುಕ್ಕಿಯಾಗುವವರೆಗೆ ಏರಿ, ಅಲ್ಲೇ ರೆಕ್ಕೆ ಬಡಿಯುತ್ತ ನಿಮಿಷಗಟ್ಟಲೆ ಹಾಡುತ್ತದೆ.

ಏರಾಟ, ಗೂಡು

ನೆಲಗುಬ್ಬಿಯ ಗಂಡು ಅಷ್ಟು ಹೊತ್ತು ಹಾಡುವವನಲ್ಲ, ಅವನದು ಸರ್ಕಸ್ಸು. ರೆಕ್ಕೆಯನ್ನು ಪಟಪಟ ಬಡಿಯುತ್ತ ನೇರವಾಗಿ ಸುಮಾರು 30 ಮೀಟರ್ ಏರುತ್ತಾನೆ. ಅಲ್ಲಿಂದ ರೆಕ್ಕೆ ಮಡಚಿ ತಲೆ ಕೆಳಗಾಗಿ ಧುಮುಕುತ್ತಾನೆ, ಧುಮುಕುವಾಗ ಉದ್ದಕ್ಕೆ ಎಳೆದ ಒಂದು ಸಿಳ್ಳೆ. ಇನ್ನೇನು ನೆಲಕ್ಕೆ ಬಡಿಯಿತು ಅನ್ನುವಾಗ ಆ ವೇಗದಲ್ಲೇ ಮತ್ತೆ ಮೇಲೆದ್ದು ಇನ್ನೊಂದು ಧುಮುಕು, ಆಮೇಲೆ ಇನ್ನೊಂದು. ಕೊನೆಗೆ ಒಂದು ಹೆಂಟೆಯ ಮೇಲೋ ಕಲ್ಲಿನ ಮೇಲೋ ಕೂರುತ್ತಾನೆ. ದೂರದಿಂದ ನೋಡುವವರಿಗೆ ಮೊದಲು ಕೇಳುವುದು ಸಿಳ್ಳೆ. ಕೇಳಿದ ಕೂಡಲೇ ಕಣ್ಣು ನೆಲದಿಂದ ಆಕಾಶಕ್ಕೆ ಹೋಗಲಿ. ಲಾರ್ಕ್ ಪಾಠದಲ್ಲಿ ಕತ್ತೆತ್ತಲು ಅಪ್ಪಣೆ ಇರುವುದು ಇದೊಂದಕ್ಕೆ.

ಮರವಿಲ್ಲದ ಬಯಲಿನಲ್ಲಿ ಹಾಡಲು ಕೊಂಬೆ ಎಲ್ಲಿ? ಎತ್ತರಕ್ಕೆ ಹೋಗಬೇಕೆಂದರೆ ಗಾಳಿಯಲ್ಲೇ ಹೋಗಬೇಕು. ಲಾರ್ಕ್ ಜಾತಿಯಲ್ಲಿ ಹಾರಾಟದ ಹಾಡು ಇಷ್ಟು ಬೆಳೆದಿರುವುದನ್ನು ಹಾಗೆ ಅರ್ಥ ಮಾಡಿಕೊಳ್ಳಬಹುದು. ನಮ್ಮ ಜೆರ್ಡನ್ಸ್ ಬುಶ್‌ಲಾರ್ಕ್ ಪೊದೆ-ಗೂಟ ಸಿಗುವ ಜಾಗದಲ್ಲಿದ್ದುಕೊಂಡು ಕೂತೇ ಹಾಡುವುದನ್ನೂ, ಬೋಳು ನೆಲದ ನೆಲಗುಬ್ಬಿ ಏರಾಟ ಹಾಕುವುದನ್ನೂ ಒಟ್ಟಿಗೆ ಇಟ್ಟು ನೋಡಿ.

ಮರಿ ಮಾಡುವ ಕಾಲ ಉದ್ದ. ಹೆಚ್ಚಾಗಿ ಫೆಬ್ರುವರಿಯಿಂದ ಸೆಪ್ಟೆಂಬರ್, ಆದರೆ ಊರಿಂದೂರಿಗೆ ಬದಲಾಗುತ್ತದೆ. ನೆಲದಲ್ಲಿ ಒಂದು ಸಣ್ಣ ಗುಳಿ, ಒಳಗೆ ಹುಲ್ಲು-ನಾರಿನ ಮೆತ್ತೆ, ಹೆಚ್ಚಾಗಿ ಹೆಂಟೆಯ ಅಥವಾ ಹುಲ್ಲುಗಡ್ಡೆಯ ಮರೆಯಲ್ಲಿ. ಅಂಚಿಗೆ ಪುಟ್ಟ ಕಲ್ಲು, ಮಣ್ಣಿನ ಉಂಡೆಗಳನ್ನು ಜೋಡಿಸಿರುವುದೂ ಉಂಟು. ಮೊಟ್ಟೆ ಎರಡು ಅಥವಾ ಮೂರು, ಮಾಸಲು ಬಣ್ಣಕ್ಕೆ ಕಂದು ಚುಕ್ಕೆ. ಮರಿ ಹೊರಬರಲು ಸುಮಾರು 13-14 ದಿನ. ಕಾಳು ತಿನ್ನುವ ಹಕ್ಕಿಯಾದರೂ ಮರಿಗಳಿಗೆ ಹುಳುಹುಪ್ಪಟೆ ತಂದು ತಿನ್ನಿಸುತ್ತವೆ.

ಗೂಡು ಹುಡುಕುವ ಆಸೆ ಕಲಿಯುವವರಿಗೆ ಬರುವುದು ಸಹಜ, ನನ್ನ ಮಟ್ಟಿಗೆ ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ಅದು ಇರುವುದು ನಮ್ಮ ಕಾಲ ಬುಡದಲ್ಲಿ. ಜೊತೆಗೆ ನಾವು ನಡೆದ ದಾರಿಯನ್ನೇ ಊರ ನಾಯಿ, ಕಾಗೆ ಹಿಂಬಾಲಿಸುತ್ತವೆ. ಹಕ್ಕಿ ಬಾಯಲ್ಲಿ ಹುಳು ಕಚ್ಚಿಕೊಂಡು ಕೆಳಗಿಳಿಯದೆ ಅಲ್ಲೇ ಸುತ್ತುತ್ತಿದ್ದರೆ ನೀವು ಗೂಡಿನ ಹತ್ತಿರ ಇದ್ದೀರಿ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ಬೇಸಿಗೆಯ ಬಿಸಿಲಲ್ಲಿ ತಾಯಿ ಎದ್ದು ಹತ್ತು ನಿಮಿಷ ದೂರ ನಿಂತರೂ ಮೊಟ್ಟೆಗೆ ಅದು ಕೆಟ್ಟದ್ದೇ.

ಈ ಹಕ್ಕಿ ಜಾಗತಿಕವಾಗಿ ಅಪಾಯದ ಪಟ್ಟಿಯಲ್ಲಿ ಇಲ್ಲ. ಹಾಗೆಂದು ನಮ್ಮ ಹಳ್ಳಿಯ ಗೋಮಾಳದಲ್ಲಿ ನಾಳೆಯೂ ಇರುತ್ತದೆ ಎಂದಲ್ಲ. ಕಾಗದಪತ್ರದಲ್ಲಿ ಇಂಥ ನೆಲದ ಹೆಸರು ಬಂಜರು, ಬೀಳು. ಅಲ್ಲಿ ಅಕೇಶಿಯಾ ನೆಟ್ಟರೂ ಹಸಿರು ಮಾಡಿದೆವು ಎಂದೇ ಲೆಕ್ಕ. ಇತ್ತ ಮೆಕ್ಕೆಜೋಳದ ಹೊಲಕ್ಕೂ ಗದ್ದೆಗೂ ಅಡಿಕೆ ಸಸಿ ಬರುತ್ತಿದೆ. ರೈತನಿಗೆ ಆ ಲೆಕ್ಕಾಚಾರ ಸರಿಯೇ ಇರಬಹುದು. ಆದರೆ ಅಡಿಕೆ ಎದ್ದ ಮೇಲೆ ಪಿಕಳಾರಕ್ಕೆ ಜಾಗವಾಗುತ್ತದೆ, ನೆಲಗುಬ್ಬಿಗೆ ಆಗುವುದಿಲ್ಲ. 2023ರ ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ ವರದಿಯೂ ಬಯಲು ನೆಲವನ್ನೇ ನಂಬಿದ ಹಕ್ಕಿಗಳು ಇಳಿಮುಖವಾಗಿರುವುದನ್ನು ಎತ್ತಿ ಹೇಳಿದೆ.

ಪಟ್ಟಿ ಬರೆಯುವಾಗ

ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ. ಹತ್ತರ ಮೇಲೆ ನೆಲದ ಕಾವು ಎದ್ದು ದುರ್ಬೀನಿನಲ್ಲಿ ಎಲ್ಲವೂ ನಡುಗುತ್ತದೆ. ಬದುವಿನ ಮೇಲೇ ನಡೆಯಿರಿ, ಬಿತ್ತಿದ ಹೊಲಕ್ಕೆ ಕಾಲಿಡಬೇಡಿ, ಹೊಲದವರು ಸಿಕ್ಕರೆ ಒಂದು ಮಾತು ಕೇಳಿಕೊಂಡು ಮುಂದೆ ಹೋಗಿ. ಈ ಹಕ್ಕಿ ಯಾವ ಮೂಲೆಯಿಂದ ಏಳುತ್ತದೆ ಎಂದು ಹಲವು ಸಲ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕುವಾಗ ಟಿಪ್ಪಣಿ ಜಾಗದಲ್ಲಿ ಬೆಳೆ ಯಾವುದು, ಉತ್ತಿತ್ತೋ ಕೂಳೆ ಇತ್ತೋ, ಗಂಡೆಷ್ಟು ಹೆಣ್ಣೆಷ್ಟು, ಏರಾಟ ಇತ್ತೋ ಇಲ್ಲವೋ ಬರೆಯಿರಿ. ಜೂನ್-ಆಗಸ್ಟಿನಲ್ಲಿ ಹೋಗಿ ಸಿಗದಿದ್ದರೂ ಕಂಡ ಎಲ್ಲ ಹಕ್ಕಿಗಳ ಪೂರ್ತಿ ಪಟ್ಟಿ ಹಾಕಿ, ಮಳೆಗಾಲದಲ್ಲಿ ಇವು ಎಲ್ಲಿಂದ ಸರಿಯುತ್ತವೆ ಎಂದು ತಿಳಿಯಲು ಇಲ್ಲದ ದಿನದ ದಾಖಲೆಯೂ ಬೇಕು. ಹೆಣ್ಣೊಂದೇ ಕಂಡು, ಗಂಡು ಬರದೆ, ಕಾಲಿನ ನಡಿಗೆಯೂ ಸರಿಯಾಗಿ ಸಿಗದೆ ಹೋದರೆ ‘ಲಾರ್ಕ್, ಪ್ರಭೇದ ತಿಳಿದಿಲ್ಲ’ ಎಂದು ನಮೂದಿಸಿ.